ತಾಲ್ಲೂಕುಗಳಿಗೇ ಬೇಕಾದ ಸಂಶೋಧನೆ

ಪುಟ್ಟ ಪ್ರೋಟೀನುಗಳ ವಿನ್ಯಾಸ ಮಹಾನಗರದ ಶೋಕಿ, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಯಂಥ ತಾಲ್ಲೂಕುಗಳಿಗೆ ಅದರಿಂದ ಪ್ರಯೋಜನವಿಲ್ಲ ಎಂಬ ವಾದವನ್ನು ಒಪ್ಪಲಾಗದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಯಂತ ಚಟರ್ಜಿ ತಂಡ 2022ರಲ್ಲಿ ಪ್ರಕಟಿಸಿದ ಎಸ್‌ಐಎಚ್-5 ಎಂಬ ಪುಟ್ಟ ಪ್ರೋಟೀನು ಕೊರೊನಾ ವೈರಸ್ಸಿನ ಮುಳ್ಳುಗಳನ್ನು ಜೋಡಿಯಾಗಿ ಬಂಧಿಸಿ, ವೈರಸ್ಸು ಜೀವಕೋಶದೊಳಗೆ ನುಗ್ಗದಂತೆ ತಡೆಯುತ್ತದೆ. ಈ ಪ್ರೋಟೀನನ್ನು ಪಡೆದ ಹ್ಯಾಮ್‌ಸ್ಟರ್‌ಗಳಲ್ಲಿ ವೈರಸ್ಸಿನ ಪ್ರಮಾಣ ತಗ್ಗಿತು. ಈ ಪ್ರೋಟೀನು ಕೋಣೆಯ ಉಷ್ಣಾಂಶದಲ್ಲೇ ತಿಂಗಳುಗಟ್ಟಲೆ ಕೆಡದು. ಶೈತ್ಯಾಗಾರದಿಂದ ದೂರವಿರುವ ಊರುಗಳಿಗೆ ಇದಕ್ಕಿಂತ ದೊಡ್ಡ ಗುಣ ಯಾವುದು?

ಲಸಿಕೆಯಿದ್ದರೆ ಸಾಲದೇ ಎನ್ನುವವರು ನೆನಪಿಡಬೇಕು: ಲಸಿಕೆಯ ರಕ್ಷಣೆ ಬೆಳೆಯಲು ವಾರಗಳು ಬೇಕು, ಸೋಂಕು ಅಷ್ಟು ಕಾಯುವುದಿಲ್ಲ. ಪ್ರಾಣಿಗಳಲ್ಲಿ ಫಲಿಸಿದ್ದು ಮನುಷ್ಯರಲ್ಲಿ ಫಲಿಸಲೇಬೇಕೆಂದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಬೇಸಿಗೆಯ ಧಗೆಯನ್ನು ಈ ಪ್ರೋಟೀನಿನ ಔಷಧ ತಾಳುತ್ತದೆಯೇ ಎಂದೂ ಪರೀಕ್ಷಿಸಬೇಕು. ಈ ಪ್ರಶ್ನೆಗಳಿಗೆ ಉತ್ತರ ಸಿಗುವುದು ಮುಂದಿನ ಹಂತದ ಪ್ರಯೋಗಗಳಿಗೆ ಹಣ ಒದಗಿಸಿದಾಗ, ಸಂಶೋಧನೆಯನ್ನೇ ನಿಲ್ಲಿಸಿದಾಗ ಅಲ್ಲ.