ಹಿಮ್ಮೇಳಕ್ಕೆ ಒಂದೇ ಕಿವಿ ಸಾಕೇ?

ಒಂದು ಲೆಕ್ಕ ಕೇಳ್ತೇನೆ, ಸಿಟ್ಟು ಮಾಡ್ಕೋಬೇಡಿ. ಥಾಣೆಯಿಂದ ಕಲ್ಯಾಣ್‌ವರೆಗೆ, ಆ ಕಡೆ ವಾಶಿ, ನೆರೂಲ್, ಪನ್ವೇಲ್‌ವರೆಗೆ ನಮ್ಮವರ ಸಂಘ, ಭಜನಾ ಮಂಡಳಿ, ಯಕ್ಷಗಾನ ಮಂಡಳಿ ಎಷ್ಟಿವೆಯೋ ಬೆರಳು ಮಡಿಚಿ ಎಣಿಸಿದರೆ ಮುಗಿಯುವುದಿಲ್ಲ. ವಾರ್ಷಿಕೋತ್ಸವ ಬಂತೆಂದರೆ ಹೂವಿನ ಖರ್ಚು, ಶಾಲಿನ ಖರ್ಚು, ಸ್ಮರಣಿಕೆ ಖರ್ಚು, ಫೋಟೋದವನ ಖರ್ಚು, ವಿಡಿಯೋದವನ ಖರ್ಚು, ಈಗ ಹೊಸದಾಗಿ ಡ್ರೋನ್ ಖರ್ಚು.. ಎಲ್ಲದಕ್ಕೂ ವೋಚರ್ ಇರುತ್ತದೆ. ಆದರೆ 'ಧ್ವನಿಮುದ್ರಣ' ಅಂತ ಒಂದೇ ಒಂದು ಸಾಲನ್ನು ಯಾವ ಸಂಘದ ಜಮಾಖರ್ಚು ಪಟ್ಟಿಯಲ್ಲಾದರೂ ನೋಡಿದ್ದೀರಾ? ನಾನು ಡೊಂಬಿವಲಿಗೆ ಬಂದು ಮೂವತ್ತು ವರ್ಷ ದಾಟಿತು. ಬ್ಯಾಂಕಿನವ ಅಂತ ಮೂರ್ನಾಲ್ಕು ಕಡೆ ಲೆಕ್ಕ ನೋಡುವ ಕೆಲಸ ಹೇಗೂ ನನ್ನ ತಲೆಗೇ ಬೀಳುತ್ತದೆ. ನಾನಂತೂ ನೋಡಿಲ್ಲ.

ನೋಡಲಿಕ್ಕೆ ಬಂದದ್ದನ್ನೆಲ್ಲ ಸೆರೆ ಹಿಡಿಯುತ್ತೇವೆ, ಕೇಳಲಿಕ್ಕೆ ಬಂದದ್ದನ್ನು ಗಾಳಿಗೆ ಬಿಡುತ್ತೇವೆ. ಇದು ನನ್ನ ತಕರಾರು.

ತಾಳಮದ್ದಳೆಯನ್ನೇ ತೆಗೆದುಕೊಳ್ಳಿ. ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರು ಮುಂಬಯಿ ಕಡೆ ಬರುತ್ತಾರೆ. ವೇಷ ಇಲ್ಲ, ಕುಣಿತ ಇಲ್ಲ, ಬಣ್ಣ ಇಲ್ಲ. ನಡುವೆ ಭಾಗವತರು, ಚಂಡೆ, ಮದ್ದಳೆ. ಎರಡು ಪಕ್ಕದಲ್ಲಿ ಎದುರು ಬದುರಾಗಿ ಅರ್ಥಧಾರಿಗಳು. ಇರುವುದೆಲ್ಲ ಬರೇ ದನಿ, ಮಾತು, ತಾಳ. ಅಂಥ ಕಲೆಯನ್ನು ನಾವು ಹೇಗೆ ಉಳಿಸಿಕೊಳ್ಳುತ್ತಿದ್ದೇವೆ? ಹನ್ನೆರಡನೇ ಸಾಲಿನಲ್ಲಿ ಕೂತು, ಕೈ ಮೇಲೆತ್ತಿ, ಫೋನಿನಲ್ಲಿ ವಿಡಿಯೋ! ಪಕ್ಕದವರ ಕೆಮ್ಮು, ಹಿಂದಿನವರ ಚಾ ಲೋಟ, ಯಾರದೋ ಮಗುವಿನ ಅಳು, ಇವುಗಳ ನಡುವೆ ಎಲ್ಲೋ ದೂರದ ಬಾವಿಯೊಳಗಿಂದ ಭಾಗವತರು. ಅದನ್ನು ಆ ಕೂಡಲೇ ವಾಟ್ಸಾಪಿಗೆ ಹಾಕುತ್ತೇವೆ. ಅದು ತನ್ನ ಪಾಲಿಗೆ ಇನ್ನೊಂದು ಸಲ ಹಿಂಡಿ ಸಿಪ್ಪೆಯನ್ನು ಮಾತ್ರ ಆಚೆ ಕಳಿಸುತ್ತದೆ. ಕೆಳಗೆ ಹದಿನೈದು ಮಂದಿಯ ಕೈ ಮುಗಿದ ಚಿತ್ರ, 'ಸೂಪರ್'!

ಫೋನಿನದ್ದೇನೂ ತಪ್ಪಿಲ್ಲ ಕಣ್ರೀ. ಅದನ್ನು ಮಾಡಿದ್ದು ಮಾತಾಡಲಿಕ್ಕೆ. ಒಬ್ಬ ಮನುಷ್ಯ ಬಾಯಿ ಹತ್ತಿರ ಹಿಡಿದು ಹಲೋ ಅನ್ನಬೇಕು, ರಸ್ತೆಯ ಗದ್ದಲ ಆಚೆಯವರಿಗೆ ಕೇಳಬಾರದು, ಅಷ್ಟೇ ಅದರ ಬುದ್ಧಿ. ಬದಲಾಗದೆ ಒಂದೇ ಸಮ ಬರುವ ಸದ್ದನ್ನು ಅದು ಗದ್ದಲ ಅಂತ ತಿಳಿದು ಅಳಿಸಲಿಕ್ಕೆ ನೋಡುತ್ತದೆ. ಈಗ ಹೇಳಿ, ಶ್ರುತಿಪೆಟ್ಟಿಗೆ ಮತ್ತೇನು? ತಂಬೂರಿ ಮತ್ತೇನು? ಅದಕ್ಕೆ ತಂಬೂರಿಯೂ ಸೀಲಿಂಗ್ ಫ್ಯಾನೂ ಒಂದೇ ಜಾತಿ! ಇನ್ನು ಚಂಡೆಗೆ ಪೆಟ್ಟು ಬಿದ್ದರೆ ಹೆದರಿ ಎಲ್ಲ ದನಿಯನ್ನೂ ಒತ್ತಿ ಹಿಡಿಯುತ್ತದೆ, ಚಂಡೆ ನಿಂತ ಕೂಡಲೇ ಸಭಿಕರ ಪಿಸುಮಾತನ್ನು ಎತ್ತಿ ಎತ್ತಿ ಕೊಡುತ್ತದೆ. ಏರು ಪದ್ಯಕ್ಕೂ ಕರುಣ ರಸದ ಪದ್ಯಕ್ಕೂ ಒಂದೇ ಎತ್ತರ. ರೋಡ್ ರೋಲರ್ ಹರಿಸಿದ ಹಾಗೆ.

ಈಗಿನ ದುಬಾರಿ ಫೋನುಗಳಲ್ಲಿ ವಿಡಿಯೋ ತೆಗೆಯುವಾಗ ಸ್ಟೀರಿಯೋ ಬರುತ್ತದಲ್ಲ ಅಂತೀರಾ? ಬರುತ್ತದೆ, ಒಪ್ಪಿದೆ. ಆದರೆ ಹನ್ನೆರಡನೇ ಸಾಲಿನಲ್ಲಿ ಅದು ಹಿಡಿಯುವುದು ಹಾಲಿನ ಸ್ಪೀಕರ್ ಡಬ್ಬಿಯನ್ನು, ಹಿಮ್ಮೇಳವನ್ನಲ್ಲ. ಮೇಲಿಂದ ನಿಮ್ಮ ಬೆರಳು ಫೋನಿನ ತೂತಿನ ಮೇಲೆ ಸರಿದಾಡುವ ಸರಬರ ಸದ್ದು ಬೇರೆ.

ಸ್ಟೀರಿಯೋ ಅಂದರೆ ಏನು ಅಂತ ನಮ್ಮ ಭಾಷೆಯಲ್ಲೇ ಹೇಳ್ತೇನೆ. ಬಿಕಾಂ ಓದಿದವರಿಗೆಲ್ಲ ಗೊತ್ತು, ಪ್ರತಿ ವ್ಯವಹಾರಕ್ಕೆ ಎರಡು ನಮೂದು, ಎಡಕ್ಕೆ ಡೆಬಿಟ್, ಬಲಕ್ಕೆ ಕ್ರೆಡಿಟ್. ಒಂದೇ ಕಡೆ ಬರೆದರೆ ಒಟ್ಟು ಮೊತ್ತವೇನೋ ಸಿಗುತ್ತದೆ, ದುಡ್ಡು ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತಿಳಿಯುವುದಿಲ್ಲ. ದನಿಯೂ ಹಾಗೇ. ಎಡಗಡೆಯಿಂದ ಬಂದ ಸದ್ದು ಬಲಕಿವಿಗೆ ಒಂದು ಚೂರು ತಡವಾಗಿ, ಒಂದು ಚೂರು ಮೆತ್ತಗೆ ತಲುಪುತ್ತದೆ. ತಡ ಅಂದರೆ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. ಅಷ್ಟು ಸಾಕು ನಮ್ಮ ತಲೆಗೆ, ಕಣ್ಣು ಮುಚ್ಚಿಕೊಂಡೇ ಚಂಡೆ ಆ ಕಡೆ, ಮದ್ದಳೆ ಈ ಕಡೆ ಅಂತ ಬೆರಳು ತೋರಿಸುತ್ತೇವೆ. ಕೃಷ್ಣ ಸಂಧಾನದಲ್ಲಿ ಕೃಷ್ಣ ಒಂದು ಬದಿಯಿಂದ ಕೆಣಕಿದಾಗ ಕೌರವ ಇನ್ನೊಂದು ಬದಿಯಿಂದ ಉತ್ತರ ಕೊಡಬೇಕು. ಆ ನಡುವಿನ ಜಾಗದಲ್ಲೇ ತಾಳಮದ್ದಳೆಯ ಅರ್ಧ ರುಚಿ ಇರೋದು. ಮೋನೋದಲ್ಲಿ ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತು ಜಗಳ ಆಡಿದ ಹಾಗೆ ಕೇಳುತ್ತದೆ!

ಇದು ನನ್ನ ತಲೆಹರಟೆ ಅಂತ ತಿಳಿಯಬೇಡಿ. ಇಂಗ್ಲೆಂಡಿನಲ್ಲಿ ಅಲನ್ ಬ್ಲಮ್‌ಲೈನ್ ಅಂತ ಒಬ್ಬ ಇಂಜಿನಿಯರ್ ಇದ್ದ. ಮುಂದೆ ಹೆಂಡತಿಯಾದವಳ ಜೊತೆ ಸಿನಿಮಾಕ್ಕೆ ಹೋದಾಗ, ನಟ ಪರದೆಯ ಒಂದು ಕಡೆ ಇದ್ದರೂ ದನಿ ಇನ್ನೊಂದು ಕಡೆಯಿಂದ ಬರುತ್ತದಲ್ಲ ಅಂತ ಅವನಿಗೆ ಕಿರಿಕಿರಿ ಆಯಿತಂತೆ. 1931ರ ಡಿಸೆಂಬರಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ. 1934ರಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ ಮೊಜಾರ್ಟನ ಸಿಂಫನಿಯ ತಾಲೀಮನ್ನು ಸ್ಟೀರಿಯೋದಲ್ಲಿ ಹಿಡಿದ. 1942ರಲ್ಲಿ ರಾಡಾರ್ ಪರೀಕ್ಷೆಗೆ ಹೋದ ವಿಮಾನ ಬಿದ್ದು ತೀರಿಕೊಂಡ, ವಯಸ್ಸು ಬರೇ 38. ಅವನು ಅರ್ಜಿ ಹಾಕಿ ತೊಂಬತ್ತು ವರ್ಷ ಕಳೆದ ಮೇಲೂ ನಾವು ಡೊಂಬಿವಲಿಯಲ್ಲಿ ಒಂದು ತೂತಿನಲ್ಲೇ ಕೇಳುತ್ತಾ ಕೂತಿದ್ದೇವೆ.

ಇನ್ನು ಅಂಗಡಿಯವರ ಕಥೆ. ನಮ್ಮ ಬಿಲ್ಡಿಂಗಿನ ಭಜನೆಯ ಹುಡುಗನೊಬ್ಬ ಉತ್ಸಾಹದಿಂದ ಹೋಗಿ ಒಂದು ಮೈಕ್ ತಂದ. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಸ್ಟೀರಿಯೋ. ತುದಿಯಲ್ಲಿ ಹೆಡ್‌ಫೋನಿನದ್ದೇ 3.5 ಎಂಎಂ ಪಿನ್ನು. ಫೋನಿನ ಆ ತೂತಿನಲ್ಲಿ ಕಿವಿಗೆ ಎರಡು ದಾರಿ ಇದೆ, ಮೈಕಿಗೆ ಇರುವುದು ಒಂದೇ ದಾರಿ. ಆಚೆ ಎರಡು ಮೈಕ್ ಕಟ್ಟಿ, ನಾಲ್ಕು ಕಟ್ಟಿ, ಒಳಗೆ ಹೋಗುವುದು ಒಂದೇ. ಎರಡು ಪಥದ ರಸ್ತೆ ಮಾಡಿ ಕೊನೆಗೆ ಒಂದೇ ಟೋಲ್ ಗೇಟ್ ಇಟ್ಟ ಹಾಗೆ. ಇದನ್ನು ಯಾವ ಅಂಗಡಿಯವನೂ ಬಾಯಿ ಬಿಟ್ಟು ಹೇಳುವುದಿಲ್ಲ. ಫೋನಿನಲ್ಲಿ ನಿಜವಾದ ಸ್ಟೀರಿಯೋ ಬೇಕಿದ್ದರೆ ಮೈಕು ಚಾರ್ಜಿಂಗ್ ತೂತಿನಿಂದ, ಅಂದರೆ ಯುಎಸ್‌ಬಿ-ಸಿ ಅಥವಾ ಹಳೆ ಐಫೋನಿನ ಲೈಟ್ನಿಂಗ್ ತೂತಿನಿಂದ, ಅಂಕಿಯ ರೂಪದಲ್ಲಿ ಒಳಗೆ ಹೋಗಬೇಕು. ಶ್ಯೂರ್ ಕಂಪನಿಯ ಎಂವಿ 88 ಐಫೋನಿಗೆ ಅಂತ 2015ರಲ್ಲೇ ಬಂತು. ಆಂಡ್ರಾಯ್ಡಿಗೆ ಝೂಮ್ ಕಂಪನಿಯ ಎಎಂ 7 ಬಂತು. ಇವು ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡವು. ಯಾವುದನ್ನು ಕೊಂಡರೂ ಪಿನ್ನು ನೋಡಿ ಕೊಳ್ಳಿ, 2023ರ ಐಫೋನ್ 15ರಿಂದ ಅಲ್ಲೂ ಯುಎಸ್‌ಬಿ-ಸಿ ಬಂದಿದೆ. ಇಲ್ಲವಾದರೆ ಎರಡು ಮೈಕ್ ಸಿಕ್ಕಿಸುವ ಚಿಕ್ಕ ಆಡಿಯೋ ಇಂಟರ್‌ಫೇಸ್ ಇಟ್ಟುಕೊಳ್ಳಬಹುದು.

ಈಗ ರೀಲ್ಸ್ ಮಾಡುವವರು ಅಂಗಿಗೆ ಸಿಕ್ಕಿಸಿಕೊಳ್ಳುವ ಜೋಡಿ ವೈರ್‌ಲೆಸ್ ಮೈಕ್ ಇದೆಯಲ್ಲ, ಅದೂ ಸ್ಟೀರಿಯೋ ಅಲ್ಲ ಸ್ವಾಮಿ. ಎರಡು ಮೈಕ್ ಇದ್ದ ಮಾತ್ರಕ್ಕೆ ಎರಡು ಕಿವಿ ಆಗುವುದಿಲ್ಲ. ಹಾಲಿನ ಆ ತುದಿಗೊಂದು ಈ ತುದಿಗೊಂದು ಕಿವಿ ಇಟ್ಟುಕೊಂಡವರನ್ನು ನಾನು ಎಲ್ಲೂ ಕಂಡಿಲ್ಲ.

ಇಷ್ಟು ಹೇಳಿದಾಗ ನಮ್ಮಲ್ಲಿ ಒಬ್ಬರು ಹಿರಿಯರು ತಿರುಗಿ ಕೇಳಿದರು, "ಮನ್ಸೂರರ ಹಳೇ ರೆಕಾರ್ಡುಗಳೆಲ್ಲ ಮೋನೋ ಅಲ್ವೇನಯ್ಯಾ, ಅದು ಕಿವಿಗೆ ಹಿತ ಇಲ್ವಾ?" ಒಳ್ಳೆ ಪ್ರಶ್ನೆ. ಹಿತ ಇದೆ, ಯಾಕೆ ಅಂದರೆ ಅಲ್ಲಿ ಕೆಲಸ ಬಲ್ಲ ಇಂಜಿನಿಯರ್ ಒಳ್ಳೆ ಮೈಕನ್ನು ಸರಿಯಾದ ಜಾಗದಲ್ಲಿಟ್ಟು, ಬಾಗಿಲು ಹಾಕಿ, ಎಲ್ಲರನ್ನೂ ಸುಮ್ಮನೆ ಕೂರಿಸಿ ಹಿಡಿದಿದ್ದ. 1902ರಲ್ಲಿ ಕಲ್ಕತ್ತಾದಲ್ಲಿ ಗೌಹರ್ ಜಾನ್ ಹಾಡನ್ನು ಗ್ರಾಮಫೋನಿಗೆ ಹಿಡಿದ ಗೈಸ್‌ಬರ್ಗ್ ಬಳಿ ವಿದ್ಯುತ್ ಮೈಕೇ ಇರಲಿಲ್ಲ, ಬರೇ ಒಂದು ತುತ್ತೂರಿ. ಆದರೂ ಗಾಯಕಿಯನ್ನು ತುತ್ತೂರಿಯಿಂದ ಎಷ್ಟು ದೂರ ನಿಲ್ಲಿಸಬೇಕು ಅಂತ ಅವನಿಗೆ ಗೊತ್ತಿತ್ತು. ಮೋನೋ ಅಪರಾಧ ಅಲ್ಲ. ಒಬ್ಬ ಅಜ್ಜಿ ಒಬ್ಬಳೇ ಕೂತು ಶೋಭಾನೆ ಹೇಳುತ್ತಿದ್ದರೆ ಹತ್ತಿರದಲ್ಲಿಟ್ಟ ಒಂದು ಒಳ್ಳೆ ಮೈಕ್ ಧಾರಾಳ ಸಾಕು. ಆದರೆ ಅದೇ ಅಜ್ಜಿಯ ಸುತ್ತ ಎಂಟು ಹೆಂಗಸರು ಅರ್ಧಚಂದ್ರಾಕಾರ ಕೂತು ದಾಸರ ಪದಕ್ಕೆ ದನಿ ಕೂಡಿಸುತ್ತಿದ್ದರೆ ಹೇಳಿಕೊಡುವ ದನಿ ಯಾವುದು, ಹಿಂದೆ ಹೇಳುವ ದನಿ ಯಾವುದು ಅಂತ ಬಿಡಿಸಿ ಕೇಳಲಿಕ್ಕೆ ಎರಡು ಕಿವಿ ಬೇಕು. ನಾಳೆ ಮೊಮ್ಮಗಳು ಆ ಧಾಟಿ ಕಲಿಯಬೇಕಿದ್ದರೆ ಕಲಸುಮೇಲೋಗರದಿಂದ ಕಲಿಯೋದು ಹೇಗೆ?

ಕಲಿಯೋದು ಬಿಡಿ, ನೆನಪಿಗಾದರೂ ಏನು ಉಳಿಯುತ್ತಿದೆ? ಕಲ್ಯಾಣಿನಲ್ಲಿ ನಮಗೆಲ್ಲ ಬೇಕಾದ ಒಬ್ಬ ಮದ್ದಳೆಗಾರರಿದ್ದರು. ಹಗಲು ಹೋಟೆಲ್ ಕೆಲಸ, ಭಾನುವಾರ ಮದ್ದಳೆ. ಈ ಕಡೆ ಅವರು ಕೂರದ ತಾಳಮದ್ದಳೆ ಇಲ್ಲ ಅನ್ನಬೇಕು. ಅವರು ತೀರಿಕೊಂಡು ವರ್ಷಾಂತಿಕಕ್ಕೆ ಮುಂಚೆ ಮಗ ಗ್ರೂಪಿನಲ್ಲಿ ಕೇಳಿದ, ಅಪ್ಪನ ನುಡಿತ ಇದ್ದರೆ ದಯವಿಟ್ಟು ಕಳಿಸಿ ಅಂತ. ಬಂದವು, ನಲವತ್ತಕ್ಕೂ ಹೆಚ್ಚು ವಿಡಿಯೋ. ಒಂದೂ ಎರಡು ನಿಮಿಷ ದಾಟುವುದಿಲ್ಲ. ಎಲ್ಲದರಲ್ಲೂ ಅವರ ಕೈ ಕಾಣುತ್ತದೆ, ಬೆರಳು ಕಾಣುತ್ತದೆ, ಮುಖದ ಬೆವರೂ ಕಾಣುತ್ತದೆ. ಮದ್ದಳೆ ಕೇಳುವುದಿಲ್ಲ. ಚಂಡೆ ಒಡೆದ ಡಬ್ಬದ ಹಾಗೆ ಬಡಿದುಕೊಂಡು ಉಳಿದದ್ದನ್ನೆಲ್ಲ ನುಂಗಿದೆ. ಆ ಹುಡುಗ ಎಲ್ಲರಿಗೂ ಥ್ಯಾಂಕ್ಸ್ ಅಂತ ಹಾಕಿ ಸುಮ್ಮನಾದ.

ಇದಕ್ಕೆ ಹೋಲಿಸಿ ನೋಡಿ. ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತೆರಡರ ಆಸುಪಾಸು. ಅವರನ್ನು ಕಣ್ಣಾರೆ ನೋಡದ, ಆಮೇಲೆ ಹುಟ್ಟಿದ ಮಕ್ಕಳೂ ಇವತ್ತು ಅವರ ಪದ್ಯ ಕೇಳಿ ತಲೆದೂಗುತ್ತಾರೆ. ಹೇಗೆ? ಕ್ಯಾಸೆಟ್ಟಿನಿಂದ. ಗಿರಗಿರ ಸದ್ದು ಇದೆ, ಟೇಪು ಅಲ್ಲಲ್ಲಿ ಎಳೆದಿದೆ, ಆದರೂ ಪದ್ಯ ಪೂರ್ತಿ ಇದೆ. ಆ ಕಾಲದಲ್ಲಿ ಟೇಪ್ ರೆಕಾರ್ಡರ್ ಅಂದರೆ ಗಲ್ಫಿನಿಂದ ಯಾರಾದರೂ ತರಬೇಕಾದ ವಸ್ತು, ಕ್ಯಾಸೆಟ್ ತೀರಿದರೆ ತಿರುವಿ ಹಾಕಲಿಕ್ಕೆ ಒಬ್ಬ ಎದ್ದು ಕೂರಬೇಕು. ಈಗ ಪ್ರತಿಯೊಬ್ಬನ ಜೇಬಿನಲ್ಲೂ ಅದಕ್ಕಿಂತ ನೂರು ಪಾಲು ಮೇಲಾದ ಯಂತ್ರ ಇದೆ. ಇಲ್ಲದ್ದು ಒಂದು ಮೈಕು, ಒಂದು ಸ್ಟ್ಯಾಂಡು, ಮೂರು ಗಂಟೆಯ ತಾಳ್ಮೆ.

'ಚಲ್ತಾ ಹೈ' ಅನ್ನುವ ಮಾತನ್ನು ನಾವು ಈ ಊರಿಗೆ ಬಂದು ಚೆನ್ನಾಗಿ ಕಲಿತೆವು. ಲೋಕಲ್ ಟ್ರೇನಿನಲ್ಲಿ ಅದು ಬೇಕು, ಇಲ್ಲದಿದ್ದರೆ ಬದುಕಲಾಗದು. ಹಿಮ್ಮೇಳದ ಮುಂದೆ ಬೇಡ.

ಮಾಡುವುದು ಹೇಗೆ ಅಂತ ಕೇಳುವವರಿಗೆ ನನಗೆ ತಿಳಿದಷ್ಟು ಹೇಳ್ತೇನೆ. ಮೈಕ್ ಇರುವ ಫೋನನ್ನು ಸ್ಟ್ಯಾಂಡಿಗೆ ಹಾಕಿ ರಂಗದ ನಟ್ಟ ನಡುವೆ, ಹಿಮ್ಮೇಳದಿಂದ ಎರಡು ಮೂರು ಮೀಟರ್ ದೂರದಲ್ಲಿ, ಕೂತವರ ತಲೆಗಿಂತ ಮೇಲೆ ಇಡಿ. ಹಾಲಿನ ಸ್ಪೀಕರುಗಳು ಮೈಕಿನ ಬೆನ್ನ ಹಿಂದೆ ಅಥವಾ ಪಕ್ಕಕ್ಕೆ ಬೀಳಬೇಕು. ಎರಡು ಬಿಡಿ ಮೈಕ್ ಬಳಸುವುದಾದರೆ ಫ್ರೆಂಚ್ ರೇಡಿಯೋದವರು ಕಂಡುಕೊಂಡ ಒಂದು ಅಳತೆ ಇದೆ. ಎರಡರ ನಡುವೆ 17 ಸೆಂಟಿಮೀಟರ್, ಮುಖಗಳ ಕೋನ 110 ಡಿಗ್ರಿ. ಹೆಚ್ಚುಕಮ್ಮಿ ನಮ್ಮ ಎರಡು ಕಿವಿಗಳ ಅಂತರವೇ. ಸದ್ದಿನ ಮಟ್ಟವನ್ನು ಆಟೋದಿಂದ ತೆಗೆದು ಕೈಯಲ್ಲೇ ಕಟ್ಟಬೇಕು, ಅದೂ ಭಾಗವತರ ಆಲಾಪಕ್ಕಲ್ಲ, ಚಂಡೆಯ ಅತಿ ಜೋರಿನ ಪೆಟ್ಟಿಗೆ. ಆಗಲೂ ಮಾಪಕದಲ್ಲಿ ಸ್ವಲ್ಪ ಜಾಗ ಖಾಲಿ ಉಳಿಯಲಿ. ಮೆತ್ತಗೆ ಹಿಡಿದದ್ದನ್ನು ಮತ್ತೆ ಎತ್ತಬಹುದು, ಒಡೆದದ್ದನ್ನು ಯಾವ ದೇವರೂ ಜೋಡಿಸಲಾರ. ಫೋನಿನ ಜೊತೆ ಬಂದ ರೆಕಾರ್ಡರ್ ಎಷ್ಟೋ ಸಲ ಹೊರಗಿನ ಮೈಕನ್ನು ಕಣ್ಣೆತ್ತಿಯೂ ನೋಡುವುದಿಲ್ಲ, ಕೆಲವು ಫೋನುಗಳಲ್ಲಿ ಒಟಿಜಿ ಅನ್ನುವ ಗುಂಡಿ ಬೇರೆ ಒತ್ತಬೇಕು. ಅದಕ್ಕೇ ಮೊದಲೇ ಪರೀಕ್ಷೆ ಮಾಡಿ. ಹೆಡ್‌ಫೋನ್ ಹಾಕಿಕೊಂಡು ಮೈಕಿನ ಎಡಗಡೆ ಚಿಟಿಕೆ ಹೊಡೆದರೆ ಎಡಕಿವಿಗೆ, ಬಲಗಡೆ ಹೊಡೆದರೆ ಬಲಕಿವಿಗೆ ಕೇಳಬೇಕು. ಎರಡಕ್ಕೂ ನಡುನೆತ್ತಿಯಲ್ಲೇ ಕೇಳಿದರೆ ನಿಮಗೆ ಮಾರಿದ್ದು ಮೋನೋ, ವಾಪಸು ಕೊಡಿ!

ಎಂಪಿ3 ಬೇಡ, ವೇವ್ ಫೈಲ್ ಇರಲಿ. 48 ಕಿಲೋಹರ್ಟ್ಸ್, 24 ಬಿಟ್, ಎರಡು ಚಾನೆಲ್ ಅಂದರೆ ಗಂಟೆಗೆ ಸುಮಾರು 1 ಜಿಬಿ. ಮೂರು ಗಂಟೆಯ ತಾಳಮದ್ದಳೆಗೆ 3 ಜಿಬಿ. ನಿಮ್ಮ ಫೋನಿನಲ್ಲಿರುವ ಗುಡ್ ಮಾರ್ನಿಂಗ್ ಚಿತ್ರಗಳನ್ನು ಅಳಿಸಿದರೆ ಅಷ್ಟು ಜಾಗ ಧಾರಾಳ ಸಿಗುತ್ತದೆ. ಮೈಕ್ ಸಿಕ್ಕಿಸಿದ ಮೇಲೆ ಸಾಮಾನ್ಯವಾಗಿ ಚಾರ್ಜ್ ಮಾಡಲಿಕ್ಕಾಗುವುದಿಲ್ಲ, ಮನೆಯಿಂದಲೇ ಪೂರ್ತಿ ತುಂಬಿಸಿಕೊಂಡು ಬನ್ನಿ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಕೌರವ ಛಲದ ಮಾತಾಡುವಾಗ ನಡುವೆ ಪರ್ಸನಲ್ ಲೋನ್ ಬೇಕಾ ಅಂತ ಫೋನ್ ಬರುತ್ತದೆ. (ಹಾಗೆ ಫೋನ್ ಮಾಡಿಸುವವರು ನಮ್ಮಂಥವರೇ, ಅದು ಬೇರೆ ಮಾತು.)

ಎಲ್ಲಕ್ಕಿಂತ ಮೊದಲು ಕಲಾವಿದರನ್ನು ಕೇಳಿ. ಅವರ ದನಿ ಅವರ ದುಡಿಮೆ. ಬೇಡ ಅಂದರೆ ಬೇಡ. ಯೂಟ್ಯೂಬಿಗೆ ಹಾಕುವುದಿಲ್ಲ ಅಂತ ಮಾತು ಕೊಟ್ಟರೆ ಹಾಕಬಾರದು. ಒಂದು ಪ್ರತಿ ಅವರಿಗೆ ಹೋಗಬೇಕು, ಒಂದು ಸಂಘದ ಕಪಾಟಿನಲ್ಲಿ, ಇನ್ನೊಂದು ಬೇರೆ ಯಾರದಾದರೂ ಮನೆಯಲ್ಲಿ. ಫೈಲಿನ ಹೆಸರಿನಲ್ಲಿ ತಾರೀಕು, ಊರು, ಪ್ರಸಂಗ, ಹಿಮ್ಮೇಳದವರ ಹೆಸರು ಇರಲಿ. ಬರೇ 'ರೆಕಾರ್ಡಿಂಗ್ 47' ಅಂತಿದ್ದರೆ ಅದು ನಾಮಿನಿ ಇಲ್ಲದ ಖಾತೆ, ಮುಂದೆ ಯಾರೂ ಕೇಳಿಕೊಂಡು ಬರುವುದಿಲ್ಲ.

ಈ ಸಲದ ಸಂಘದ ಬಜೆಟ್ ಸಭೆಯಲ್ಲಿ ಧ್ವನಿಮುದ್ರಣಕ್ಕೆ ಅಂತ ಒಂದು ಸಾಲು ಸೇರಿಸಲಿಕ್ಕೆ ನಾನು ಬರೆದು ಕೊಟ್ಟಿದ್ದೇನೆ. ಡ್ರೋನ್ ಖರ್ಚಿನ ಎದುರು ಗೀಟು ಹಾಕಿದ್ದೂ ನಾನೇ, ಯಾರು ಅಂತ ಹುಡುಕಬೇಡಿ. ಶ್ರಾವಣದ ತಾಳಮದ್ದಳೆಗೆ ರಂಗದ ನಡುವೆ ಒಂದು ಸ್ಟ್ಯಾಂಡ್ ನಿಂತಿರುತ್ತದೆ. ಅದರ ಮುಂದೆ ದಯವಿಟ್ಟು ಕುರ್ಚಿ ಹಾಕಬೇಡಿ.