ಕೌದಿಗೊಂದು ಹೆಸರು

ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತಿಸಾಗರವೆಂಬ ಇನ್ನೊಂದು ಹೆಸರೂ ಉಂಟು. ಕೆರೆಯನ್ನು ಕಟ್ಟಿಸಿದವಳು ಶಾಂತವ್ವನೆಂಬ ರಾಜಕುಮಾರಿಯೆಂದೂ, ಅದಕ್ಕೆ ಬೇಕಾದ ನೆಲವನ್ನು ಬಿಟ್ಟುಕೊಟ್ಟ ಸೂಳೆಯರು ಕೆರೆಗೆ ತಮ್ಮ ಹೆಸರೇ ಇರತಕ್ಕದ್ದೆಂದು ಕರಾರು ಹಾಕಿದರೆಂದೂ ಜನರು ಕಥೆ ಹೇಳುತ್ತಾರೆ. ಆ ಸ್ತ್ರೀಯರಿಗೆ ಹೆಸರಿನ ಬೆಲೆ ತಿಳಿದಿತ್ತು. ಕೌದಿ ಹೊಲಿಯುವ ಹೆಂಗಸರು ಮಾತ್ರ ಅಂಥ ಕರಾರನ್ನು ಎಂದೂ ಹಾಕಿದವರಲ್ಲ.

ಕೌದಿಗೆ ಹೊಸ ಬಟ್ಟೆ ಬೇಕಿಲ್ಲ. ಉಟ್ಟು ಸವೆದ ಸೀರೆ, ಪಂಚೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಹೊಂದಿಸಿ, ಸಾಲುಸಾಲಾಗಿ ಕೈಹೊಲಿಗೆ ಹಾಕುತ್ತಾರೆ. ಹೊಲಿಗೆ ಒತ್ತಾದಷ್ಟೂ ಬಾಳಿಕೆ ಹೆಚ್ಚು. ಹಾಸುವುದಕ್ಕೂ ಅದೇ, ಹೊದೆಯುವುದಕ್ಕೂ ಅದೇ. ಅಜ್ಜಿಯ ಇಳಕಲ್ ಸೀರೆಯ ಸೆರಗು, ಮಗಳ ಲಂಗದ ಅಂಚು, ಯಜಮಾನರ ಅಂಗಿಯ ತೋಳು ಎಲ್ಲವೂ ಅದರಲ್ಲಿ ಒಂದುಗೂಡುವುದರಿಂದ, ಒಂದು ಮನೆಯ ಕೌದಿ ಇನ್ನೊಂದು ಮನೆಯದರಂತೆ ಇರಲಾರದು.

ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಕಡೆ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕದಿಂದ ಬಂದವರು. ಆ ಹೆಂಗಸರು ತಮ್ಮ ಕೌದಿಯನ್ನು ಕವಂದಿಯೆನ್ನುತ್ತಾರೆ. ಅಂಚಿನಿಂದ ಹೊಲಿಗೆ ಹಿಡಿದು, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ‘ಫೂಲ’, ಅಂದರೆ ಹೂವು, ಇಡದಿದ್ದರೆ ಕವಂದಿ ಅವರ ಕಣ್ಣಿಗೆ ಬೆತ್ತಲೆ. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಮಕ್ಕಳನ್ನು ಮಲಗಿಸುವ ಹಾಸು ಅಲ್ಲಿ ಚಿತ್ರಪಟಕ್ಕೆ ಸಲ್ಲುವ ಮರ್ಯಾದೆಯನ್ನು ಪಡೆಯಿತು.

ಈಗ ನಗರದ ಸಂಸಾರಗಳೂ ತಾಯಿಯ ಹಳೆಯ ಸೀರೆಗಳನ್ನು ಕೊಟ್ಟು, ಮೊಮ್ಮಗುವಿಗೆಂದು ಕೌದಿ ಹೊಲಿಸುವುದುಂಟು. ಸಂತೋಷದ ಸಂಗತಿಯೇ. ಆದರೆ ಕೂಲಿಯ ಮಾತು ಬಂದಾಗ, “ಬಟ್ಟೆ ಮನೆಯದೇ, ದಾರಕ್ಕೆಷ್ಟು ಮಹಾ ಖರ್ಚು?” ಎಂಬ ಲೆಕ್ಕ ಹೊರಡುತ್ತದೆ. ಬಟ್ಟೆಗೂ ದಾರಕ್ಕೂ ಬೆಲೆ ಕಟ್ಟಿದವರು ಬೆರಳಿಗೆ ಚುಚ್ಚಿದ ಸೂಜಿಯನ್ನೂ, ಬಗ್ಗಿ ಬಗ್ಗಿ ನೊಂದ ಬೆನ್ನನ್ನೂ, ದಿನದಿನವೂ ಮನೆಗೆಲಸ ತೀರಿಸಿ ಕುಳಿತ ಹೊತ್ತನ್ನೂ ಮರೆಯುತ್ತಾರೆ. ಕೌದಿಯಲ್ಲಿ ದುಬಾರಿಯಾದದ್ದು ಆ ಹೊತ್ತೊಂದೇ.

ಕೌದಿಯ ಮೇಲೆ ಮಗುವಿನ ಹೆಸರನ್ನು ಹೊಲಿಸುವವರು, ಒಂದು ಮೂಲೆಯಲ್ಲಿ ಹೊಲಿದವಳ ಹೆಸರನ್ನೂ ಅವಳ ಕೈಯಿಂದಲೇ ಹೊಲಿಸಲಿ. ಕೂಲಿಯನ್ನು ಅವಳ ದಿನಗಳನ್ನೆಣಿಸಿ ಕೊಡಲಿ. ಸೂಳೆಕೆರೆಯ ಸ್ತ್ರೀಯರು ಕರಾರು ಹಾಕಿ ಪಡೆದುದನ್ನು ಕೌದಿಯವಳಿಗೆ ಅವಳು ಕೇಳುವ ಮುಂಚೆಯೇ ಕೊಡುವುದು ನ್ಯಾಯ.