ನೀತಿ ಕೇಂದ್ರದ ಒಂದು ವರ್ಷ ಮತ್ತು ಸತ್ತ ಮಂಗ

ಕಾಲೇಜುಗಳಲ್ಲಿ 'ಸಾರ್ವಜನಿಕ ನೀತಿ ಕೇಂದ್ರ' ಅನ್ನೋ ಬೋರ್ಡು ಈಗ ಹೊಸತೇನಲ್ಲ. ಬೆಂಗಳೂರಿನ ಐಐಎಂನಲ್ಲಿ ಇಂಥದ್ದೊಂದು 2000ದಲ್ಲೇ ಶುರುವಾಯ್ತು. ಇಂಥ ಕೇಂದ್ರಗಳ ವಾರ್ಷಿಕ ವರದಿ ಕೈಗೆ ಸಿಕ್ಕರೆ ನಾನು ಬಿಡದೆ ಓದ್ತೀನಿ. ಉಪನ್ಯಾಸ, ವಿಚಾರ ಸಂಕಿರಣ, ಶಾಲು ಹೊದಿಸಿದ ಫೋಟೋ... ಇಷ್ಟೆಲ್ಲ ಆದ ಮೇಲೆ ಊರಿಗೆ ಉಳಿದಿದ್ದೇನು ಅಂತ ಹುಡುಕಿದರೆ ಸಿಗೋದು ಫೋಟೋ ಮಾತ್ರ!

ಇಂಥ ಕೇಂದ್ರ ಶಿಕಾರಿಪುರದಲ್ಲೋ ಸೊರಬದಲ್ಲೋ ಇದ್ದರೆ ವರ್ಷವಿಡೀ ಏನು ಮಾಡಬೇಕು? ಈ ಪ್ರಶ್ನೆ ಬಹಳ ದಿನದಿಂದ ನನ್ನ ತಲೆ ಕೊರೀತಿದೆ.

ನೋಡಿ, ಅಕ್ಕಪಕ್ಕದ ಈ ಎರಡು ತಾಲೂಕುಗಳು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿವೆ. ಸೊರಬದ ಬಂಗಾರಪ್ಪ, ಶಿಕಾರಿಪುರದ ಯಡಿಯೂರಪ್ಪ. ಆಶ್ರಯ ಮನೆ, ಶಾಲೆ ಮಕ್ಕಳಿಗೆ ಸೈಕಲ್ಲು, ಭಾಗ್ಯಲಕ್ಷ್ಮಿ ಬಾಂಡು ಅಂತೆಲ್ಲ ರಾಜ್ಯವೇ ಮಾತಾಡಿದ ಯೋಜನೆಗಳ ಹಿಂದೆ ಈ ಇಬ್ಬರ ಹೆಸರಿದೆ. ಆದರೂ ನಮ್ಮ ಹೋಟೆಲ್ ಕಟ್ಟೆಗಳಲ್ಲಿ ನಡೆಯೋ ಚರ್ಚೆ 'ಈ ಸಲ ಯಾರು ಗೆಲ್ತಾರೆ' ಅನ್ನೋದನ್ನ ದಾಟೋದು ಕಮ್ಮಿ. ಗೆದ್ದವರು ಮಾಡಿದ್ದು ನಮ್ಮ ಕೇರಿಗೆ ತಲುಪಿತಾ ಅಂತ ಲೆಕ್ಕ ಇಡೋರು ಯಾರು?

ಆ ಲೆಕ್ಕ ಎಲ್ಲಿಂದ ಶುರು ಮಾಡಬೇಕು ಅಂತ ನನ್ನ ಕೇಳಿದರೆ, ಮಂಗನ ಕಾಯಿಲೆಯಿಂದ ಅಂತೀನಿ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಜನಕ್ಕೂ ಜ್ವರ ಬಂತು. ಪುಣೆಯಿಂದ ಬಂದ ವಿಜ್ಞಾನಿಗಳು ಹೊಸ ವೈರಸ್ಸನ್ನು ಗುರುತಿಸಿದರು. ಹಾಗಾಗಿ ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಈ ರೋಗಕ್ಕೆ ನಮ್ಮ ಕ್ಯಾಸನೂರಿನದೇ ಹೆಸರು! ಇದನ್ನು ಹರಡೋದು ಉಣುಗು. ಡಿಸೆಂಬರಿನಿಂದ ಮೇವರೆಗೆ ಇದರ ಕಾಲ. ಸೌದೆಗೆ, ತರಗೆಲೆಗೆ ಕಾಡಿಗೆ ಹೋಗುವ ಬಡವರೇ ಇದಕ್ಕೆ ಹೆಚ್ಚು ಸಿಕ್ಕಿಬೀಳೋರು. ಕಾಯಿಲೆ ಬಂದ ನೂರು ಜನರಲ್ಲಿ 3ರಿಂದ 5 ಮಂದಿ ಸಾಯ್ತಾರೆ. 2019ರಲ್ಲಿ ಪಕ್ಕದ ಸಾಗರ ತಾಲೂಕಿನ ಅರಳಗೋಡಿನಲ್ಲಿ ಆದ ಸಾವುಗಳು ನೆನಪಿರಬೇಕು. ವರ್ಷಗಟ್ಟಲೆ ಕೊಡುತ್ತಿದ್ದ ಹಳೇ ಲಸಿಕೆಯನ್ನು, ಪರಿಣಾಮ ಸಾಲದು ಅಂತ 2022ರಲ್ಲಿ ನಿಲ್ಲಿಸಿದರು.

ಮೈಗೆ ಹಚ್ಚೋ ತೈಲ, ಬೇಗ ರಕ್ತ ಪರೀಕ್ಷೆ, ಸತ್ತ ಮಂಗದ ಸುದ್ದಿ ತಕ್ಷಣ ಮುಟ್ಟಿಸೋದು - ಜೀವ ಉಳಿಸೋದು ಇಂಥ ಸಣ್ಣ ಕೆಲಸಗಳೇ. ಇವು ಸರಿಯಾಗಿ ನಡೀತಿವೆಯಾ ಅಂತ ನೋಡೋದಕ್ಕೆ ದೊಡ್ಡ ತಜ್ಞರು ಬೇಕಾಗಿಲ್ಲ. ದಿನಾ ಅದೇ ಹಳ್ಳಿಗಳಿಂದ ಬಸ್ಸಿನಲ್ಲಿ ಕಾಲೇಜಿಗೆ ಬರೋ ಬಿ.ಎ. ಹುಡುಗ ಹುಡುಗಿಯರು ಸಾಕು.

ನನ್ನ ಲೆಕ್ಕದಲ್ಲಿ ಕೇಂದ್ರದ ವರ್ಷ ಹೀಗಿರಬೇಕು. ಮಳೆಗಾಲದಲ್ಲಿ ಹತ್ತು ಹಳ್ಳಿ ಆರಿಸಿಕೊಳ್ಳೋದು. ಆಮೇಲೆ 10 ರೂಪಾಯಿ ಕಟ್ಟಿ, ಹಿಂದಿನ ವರ್ಷ ಎಷ್ಟು ತೈಲ ಬಂತು, ಎಲ್ಲಿ ಹಂಚಿದರು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕೋದು. 30 ದಿನದಲ್ಲಿ ಉತ್ತರ ಬರಬೇಕು. ನವೆಂಬರಿನಲ್ಲಿ ಮನೆ ಮನೆಗೆ ಹೋಗಿ ಎರಡೇ ಪ್ರಶ್ನೆ: 'ತೈಲ ಬಂತಾ? ಮಂಗ ಸತ್ತಿದ್ದು ಕಂಡರೆ ಯಾರಿಗೆ ಹೇಳ್ತೀರಿ?' ಬಂದ ಉತ್ತರಗಳನ್ನು ನಾಲ್ಕು ಪುಟದ ಕನ್ನಡ ವರದಿ ಮಾಡಿ, ಕಾಯಿಲೆ ಕಾಲ ಶುರುವಾಗೋ ಮುಂಚೆ ಗ್ರಾಮಸಭೆಯಲ್ಲಿ ಓದೋದು. ಬೇಸಿಗೆ ಮುಗಿದ ಮೇಲೆ ಅದೇ ಮನೆಗಳಿಗೆ ಮತ್ತೆ ಹೋಗಿ, ಏನಾದರೂ ಬದಲಾಯ್ತಾ ಅಂತ ನೋಡೋದು. (ಮಕ್ಕಳನ್ನು ಕಾಡಿಗೆ ಮಾತ್ರ ಕಳಿಸಬೇಡಿ ಮಾರಾಯ್ರೆ!)

'ಸೆಮಿಸ್ಟರ್ ಗಡಿಬಿಡಿಯಲ್ಲಿ ಇದೆಲ್ಲಾ ಆಗೋ ಮಾತಾ?' ಅಂತ ಕೇಳ್ತಾರೆ. ಎರಡು ವಿಚಾರ ಸಂಕಿರಣ ಕೈಬಿಟ್ಟರೆ ಖಂಡಿತ ಆಗುತ್ತೆ. ಇದು ಕಾಲೇಜಿನ ಕೆಲಸವಲ್ಲ ಅನ್ನೋರಿಗೆ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯನ್ನು ತೋರಿಸ್ತೀನಿ. ಅಲ್ಲಿನ ಕೋಡಿಯ ಮಠವನ್ನು 1162ರ ಶಾಸನ ವೇದ, ವ್ಯಾಕರಣ ಓದುವ ಜಾಗ ಅಂತ ವರ್ಣಿಸುತ್ತೆ. ಅಷ್ಟಕ್ಕೇ ನಿಲ್ಲದೆ, ದಿಕ್ಕಿಲ್ಲದವರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಜಾಗ ಅಂತಲೂ ಹೇಳುತ್ತೆ. ಓದಿಗೂ ಊರಿನ ಕಷ್ಟಕ್ಕೂ ನಡುವೆ ಗೋಡೆ ಕಟ್ಟಿದ್ದು ಆಮೇಲಿನವರು.

ಮುಂದಿನ ವಾರ್ಷಿಕ ವರದಿಯಲ್ಲಿ ನನಗೆ ಒಂದೇ ಸಾಲು ಸಾಕು: 'ಇಂಥ ಹಳ್ಳಿಗೆ ಈ ವರ್ಷ ತೈಲ ಡಿಸೆಂಬರಿಗೆ ಮುಂಚೆ ತಲುಪಿತು.' ಅದರ ಪಕ್ಕದಲ್ಲಿ ಫೋಟೋ ಇಲ್ಲದಿದ್ದರೂ ಪರವಾಗಿಲ್ಲ.

ನೀವೇನಂತೀರಿ?